ಹನ್ನೊಂದು ಕಡೆ ಮೇಷ್ಟ್ರು

ಚಿಲಕಪ್ಪ ಎನ್ನುವುದು ಅವನಿಗೆ ಹೆತ್ತವರು ಇಟ್ಟ ಹೆಸರಲ್ಲ. ಸಂಶೋಧನಾ ಕೇಂದ್ರದ ಉಗ್ರಾಣಕ್ಕೆ ಬೀಗ ಹಾಕಿ, ಚಿಲಕವನ್ನು ಮೂರು ಸಲ ಎಳೆದು ನೋಡಿ, ನಾಲ್ಕು ಹೆಜ್ಜೆ ಹೋಗಿ, ಮತ್ತೆ ಬಂದು ಇನ್ನೊಂದು ಸಲ ಎಳೆದು ನೋಡುವ ಅವನ ಅಭ್ಯಾಸಕ್ಕೆ ಜೊತೆಯವರು ಕೊಟ್ಟ ಬಿರುದು. ಇಪ್ಪತ್ತೆಂಟು ವರ್ಷದಲ್ಲಿ ಆ ಉಗ್ರಾಣದಿಂದ ಒಂದು ಗುಂಡುಪಿನ್ನೂ ಚೀಟಿಯಿಲ್ಲದೆ ಹೊರಗೆ ಹೋದದ್ದಿಲ್ಲ. ನಿರ್ದೇಶಕರೇ ಬಂದು ಪೆನ್ಸಿಲ್ ಕೇಳಿದರೂ ಹಳೆಯ ತುಂಡನ್ನು ತೋರಿಸಿದ ಮೇಲೆಯೇ ಹೊಸದು.

ಸೇತುವೆ, ಗೋಪುರ, ಎತ್ತರದ ಕಟ್ಟಡಗಳು ಗಾಳಿಗೆ ಎಷ್ಟು ಅಲುಗಾಡುತ್ತವೆ ಎಂದು ಲೆಕ್ಕ ಹಾಕುವುದು ಆ ಕೇಂದ್ರದ ಕೆಲಸ. ಲೆಕ್ಕ ಹಾಕುವುದು ಮನುಷ್ಯರಲ್ಲ, ನೆಲಮಾಳಿಗೆಯ ತಣ್ಣನೆಯ ಕೋಣೆಯಲ್ಲಿ ಹಗಲೂ ರಾತ್ರಿ ಗುಂಯ್‌ಗುಡುವ ಸರ್ವರ್. ಮೇಲಿನ ಮೂರು ಮಹಡಿಯ ನಲವತ್ತು ಮಂದಿ ತಮ್ಮ ತಮ್ಮ ಮೇಜಿನಿಂದಲೇ ಅದರೊಳಗೆ ಹೊಕ್ಕು, ಒಬ್ಬರ ಕಾಲು ಒಬ್ಬರು ತುಳಿಯದಂತೆ ಒಟ್ಟಿಗೇ ಕೆಲಸ ಮಾಡುತ್ತಾರೆ. ತುಳಿಯದಂತೆ ನೋಡಿಕೊಳ್ಳುತ್ತಿದ್ದವರು ಸರ್ವರ್ ಮೇಡಂ. ಅವರ ತಾಯಿಗೆ ಮೊಣಕಾಲಿನ ಆಪರೇಷನ್ ಎಂದು ಮೂರು ವಾರ ರಜೆ ಹಾಕಿದಾಗ, ಆ ಜಾಗಕ್ಕೆ ಯಾರು ಎಂಬ ಪ್ರಶ್ನೆ ಎದ್ದಿತು. ನಿರ್ದೇಶಕರು ಹೆಚ್ಚು ಹೊತ್ತು ತಲೆ ಕೆಡಿಸಿಕೊಳ್ಳಲಿಲ್ಲ.

"ಕಂಪ್ಯೂಟರ್ ಗೊತ್ತಿರೋರು ಇಲ್ಲಿ ನಲವತ್ತು ಜನ ಇದ್ದಾರೆ. ಬೀಗ ಹಾಕೋದು ಗೊತ್ತಿರೋರು ನೀವೊಬ್ಬರೇ," ಎಂದರು.

ಚಿಲಕಪ್ಪನಿಗೆ ಎರಡು ಇಂಚು ಎತ್ತರ ಬೆಳೆದಂತಾಯಿತು. ಸರ್ವರ್ ಮೇಡಂ ಒಂದು ಗಂಟೆ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟರು. "ದಿನಾ ಬೆಳಿಗ್ಗೆ ಈ ಪಟ್ಟಿ ತೆಗೀರಿ. ಯಾರ್ಯಾರು ಒಳಗಿದ್ದಾರೆ, ಎಷ್ಟು ಹೊತ್ತಿಂದ ಇದ್ದಾರೆ, ಎಲ್ಲಾ ಕಾಣುತ್ತೆ. ಸಿಬ್ಬಂದಿ ಪಟ್ಟಿ ಪಕ್ಕದಲ್ಲಿಟ್ಟು ತಾಳೆ ನೋಡಿ. ನಮ್ಮೋರು ಅಲ್ಲದೋರು ಯಾರಾದ್ರೂ ಸಿಕ್ಕಿದ್ರೆ ಈ ಸಾಲು ಬರೆದು ಈ ಕೀ ಒತ್ತಿ. ಹೊರಗೆ ಹೋಗ್ತಾರೆ. ಬೇರೆ ಯಾವುದಕ್ಕೂ ಕೈ ಹಾಕಬೇಡಿ. ಅನುಮಾನ ಬಂದ್ರೆ ಫೋನ್ ಮಾಡಿ."

"ನೀವು ಅಮ್ಮನ್ನ ನೋಡ್ಕೊಳ್ಳಿ ಮೇಡಂ. ಇದನ್ನ ನಾನು ನೋಡ್ಕೋತೀನಿ," ಎಂದ ಚಿಲಕಪ್ಪ. ಅನುಮಾನ ಬಂದಾಗ ಫೋನ್ ಮಾಡುವ ಜಾತಿಯವನೇ ಅಲ್ಲ ಅವನು. ಅನುಮಾನ ಬಂದರೆ ಅವನು ಅರ್ಜಿ ಬರೆಯುತ್ತಾನೆ.

ಮನೆಗೆ ಹೋದವನೇ ಹೆಂಡತಿಗೆ ಹೇಳಿದ. "ನಾಳೆಯಿಂದ ನಲವತ್ತು ಜನ ವಿಜ್ಞಾನಿಗಳು ನನ್ನ ಕೈಯಲ್ಲಿ."

"ಹಿಂದಿನ ಬಾಗಿಲ ಚಿಲಕ ಹದಿನೈದು ದಿನದಿಂದ ಬೀಳ್ತಿಲ್ಲ. ಅದು ಯಾರ ಕೈಯಲ್ಲಿದೆ?" ಎಂದಳು ಅವಳು.

ಮಂಗಳವಾರ ಬೆಳಿಗ್ಗೆ ಚಿಲಕಪ್ಪ ಸ್ವೆಟರ್ ತೊಟ್ಟು, ಕನ್ನಡಕ ಒರೆಸಿಕೊಂಡು, ಸರ್ವರ್ ಕೋಣೆಯಲ್ಲಿ ಕುಳಿತು ಪಟ್ಟಿ ತೆಗೆದ. ಸ್ಕ್ರೀನಿನ ಮೇಲೆ ಮೂವತ್ತಮೂರು ಸಾಲು. ಒಂದೊಂದೇ ಹೆಸರಿಗೆ ಸಿಬ್ಬಂದಿ ಪಟ್ಟಿಯಲ್ಲಿ ಟಿಕ್ ಹಾಕುತ್ತ ಬಂದವನು ಏಳನೇ ಸಾಲಿನಲ್ಲಿ ನಿಂತ. ಅಲ್ಲಿದ್ದ ಹೆಸರು ಹಿರಿಯ ಮೇಷ್ಟ್ರದು. ಕೇಂದ್ರದ ಅರ್ಧ ಜನಕ್ಕೆ ಪಾಠ ಹೇಳಿ, ಮೂರು ವರ್ಷದ ಹಿಂದೆ ನಿವೃತ್ತರಾಗಿ, ಈಗ ಚಿಲಕಪ್ಪನ ಬೀದಿಯಲ್ಲೇ, ಎರಡು ಮನೆ ಆಚೆ ಇರುವವರು. ನಿವೃತ್ತಿಯ ದಿನ ಅವರಿಂದ ಕುರ್ಚಿ, ಟೇಬಲ್ ಲ್ಯಾಂಪು, ಸ್ಟೇಪ್ಲರು ವಾಪಸು ತೆಗೆದುಕೊಂಡು, ಇವರ ಹತ್ತಿರ ಕೇಂದ್ರದ್ದು ಏನೂ ಉಳಿದಿಲ್ಲ ಎಂದು ಬರೆದುಕೊಟ್ಟವನು ಸಾಕ್ಷಾತ್ ಇವನೇ.

ಎಂಟನೇ ಸಾಲಿನಲ್ಲೂ ಮೇಷ್ಟ್ರೇ. ಹದಿನಾಲ್ಕರಲ್ಲೂ ಮೇಷ್ಟ್ರೇ. ಎಣಿಸಿದರೆ ಒಟ್ಟು ಹನ್ನೊಂದು ಕಡೆ ಮೇಷ್ಟ್ರು. ಹತ್ತು ಕಡೆ ಇವತ್ತು ಬೆಳಿಗ್ಗೆ ಬಂದವರು. ಒಂದು ಕಡೆ ಮಾತ್ರ ನಲವತ್ತೊಂದು ದಿನದಿಂದ ಹೊರಗೇ ಹೋಗಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಮೇಷ್ಟ್ರ ಹೆಸರಿನಲ್ಲಿ ಇನ್ಯಾರೋ ಇದ್ದಾರೆ ಎಂದು ಊಹಿಸುತ್ತಿದ್ದರೇನೋ. ಚಿಲಕಪ್ಪ ಇಪ್ಪತ್ತೆಂಟು ವರ್ಷ ಪುಸ್ತಕದಲ್ಲಿ ಬರೆದದ್ದನ್ನು ನಂಬಿ ಬದುಕಿದವನು. ಒಳಗಿದ್ದಾರೆ ಎಂದು ಬರೆದಿದ್ದರೆ ಒಳಗಿರಲೇಬೇಕು. ಎದ್ದು, ಟಾರ್ಚ್ ಹಿಡಿದು, ಸರ್ವರ್ ಬೀರುಗಳ ಹಿಂದೆಲ್ಲ ಬೆಳಕು ಬಿಟ್ಟು ನೋಡಿದ. "ಸಾರ್," ಎಂದು ಮೆಲ್ಲಗೆ ಕರೆದೂ ನೋಡಿದ. ವೈರುಗಳ ನಡುವಿನಿಂದ ಬಿಸಿಗಾಳಿ ಬಂತೇ ಹೊರತು ಮೇಷ್ಟ್ರು ಬರಲಿಲ್ಲ.

ಹಾಗಾದರೆ ಇವರು ಮನೆಯಿಂದಲೋ ಮತ್ತೆಲ್ಲಿಂದಲೋ ಕದ್ದು ಕೆಲಸ ಮಾಡುತ್ತಿದ್ದಾರೆ ಎಂದು ತೀರ್ಮಾನಿಸಿ, ಕೇಂದ್ರ ಕಚೇರಿಯ ತಪಾಸಣಾ ವಿಭಾಗಕ್ಕೆ ಇಮೇಲ್‌ನಲ್ಲಿ ಒಂದು ಅರ್ಜಿ ಕಳಿಸಿದ. "ನಿವೃತ್ತರಾದ ಹಿರಿಯರೊಬ್ಬರು ಏಕಕಾಲಕ್ಕೆ ಹನ್ನೊಂದು ಕಡೆ ಒಳಗಿದ್ದು, ಅವರಲ್ಲಿ ಒಬ್ಬರು ನಲವತ್ತೊಂದು ದಿನಗಳಿಂದ ಊಟ ನಿದ್ರೆಯಿಲ್ಲದೆ ದುಡಿಯುತ್ತಿರುವುದು ಕಂಡುಬಂದಿರುತ್ತದೆ. ಮುಂದಿನ ಆದೇಶ ಕೋರಿದೆ."

ಅಷ್ಟಕ್ಕೆ ಸುಮ್ಮನಿದ್ದರೂ ಆಗುತ್ತಿತ್ತು. ಸಂಜೆ ಮನೆಗೆ ಬರುವಾಗ ಮೇಷ್ಟ್ರ ಮನೆಯ ಗೇಟಿನ ಮುಂದೆ ಅವನ ಕಾಲು ತಾನಾಗಿ ನಿಂತಿತು. ಮೇಷ್ಟ್ರ ಹೆಂಡತಿ ಹೂವಿನ ಕುಂಡಗಳಿಗೆ ನೀರು ಹಾಕುತ್ತಿದ್ದರು.

"ಮೇಷ್ಟ್ರು ಹೇಗಿದ್ದಾರಮ್ಮಾ?"

"ಹೇಗಿರ್ತಾರೆ, ಸೊಂಟ ನೋವು ಅಂತ ಮಲಗಿದ್ದಾರೆ. ಅಟ್ಟದ ಮೇಲಿಂದ ಒಂದು ಡಬ್ಬ ಇಳಿಸಿಕೊಡಿ ಅಂತ ತಿಂಗಳಿಂದ ಬಾಯಿ ಬಡ್ಕೋತಿದೀನಿ."

"ಸೊಂಟ ನೋವು ಬರದೆ ಏನಮ್ಮಾ. ನಲವತ್ತೊಂದು ದಿನ ಒಂದೇ ಸಮನೆ ಕೆಲಸ ಮಾಡಿದ್ರೆ ಎಂಥೋರಿಗೂ ಬರುತ್ತೆ."

"ಯಾರು ಕೆಲಸ ಮಾಡಿದ್ದು?"

"ಮೇಷ್ಟ್ರು. ನಮ್ಮ ಕೇಂದ್ರದಲ್ಲಿ. ಅದೂ ಒಂದು ಕಡೆ ಅಲ್ಲ, ಹನ್ನೊಂದು ಕಡೆ."

ಮೇಷ್ಟ್ರ ಹೆಂಡತಿ ನೀರಿನ ಪಾತ್ರೆಯನ್ನು ಕೆಳಗಿಟ್ಟರು. ಇಟ್ಟ ರೀತಿ ನೋಡಿಯೇ ಎದುರು ಮನೆಯ ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿದ.

"ಏನ್ರೀ, ಸ್ವಲ್ಪ ಹೊರಗೆ ಬನ್ನಿ."

ಮೇಷ್ಟ್ರು ಬಿಸಿನೀರಿನ ಚೀಲವನ್ನು ಸೊಂಟಕ್ಕೆ ಒತ್ತಿಕೊಂಡು ಬಂದರು.

"ದಿನಾ ಬೆಳಿಗ್ಗೆ ಒಂದೂವರೆ ಗಂಟೆ ವಾಕಿಂಗ್ ಅಂತ ಹೋಗ್ತೀರಲ್ಲ, ಎಲ್ಲಿಗೆ?"

"ಪಾರ್ಕಿಗೆ."

"ಪಾರ್ಕು ಹನ್ನೊಂದು ಕಡೆ ಇದೆಯಾ?"

ಮೇಷ್ಟ್ರಿಗೆ ತಲೆಬುಡ ತಿಳಿಯಲಿಲ್ಲ. ಪಾಪ ಎಂದು ದರ್ಜಿ ಅವರ ಸಹಾಯಕ್ಕೆ ಬಂದ. "ಇಲ್ಲಮ್ಮಾ, ಮೇಷ್ಟ್ರು ಪಾರ್ಕಿಗೇ ಬರೋದು. ದಿನಾ ನೋಡ್ತೀನಿ. ಬೆಂಚಿನ ಮೇಲೆ ಕೂತಿರ್ತಾರೆ. ವಾಕಿಂಗ್ ಮಾಡಿದ್ದು ಮಾತ್ರ ಒಂದು ದಿನಾನೂ ನೋಡಿಲ್ಲ."

ಇಂಥ ಸಹಾಯ ಯಾರಿಗೂ ಬೇಡ. ಮನೆಯಲ್ಲಿ ಒಂದು ಬಲ್ಬು ಬದಲಾಯಿಸಲು ಆಗದವರು ಪರರಿಗೆ ಹನ್ನೊಂದು ಕೈಯಲ್ಲಿ ದುಡಿಯುತ್ತಾರೆ ಎಂಬ ಮಾತು ಆ ಸಂಜೆ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಕೇಳಿಸಿತು. ಚಿಲಕಪ್ಪ ತನ್ನ ಕರ್ತವ್ಯ ಮುಗಿಯಿತೆಂದು ಮನೆಗೆ ಹೋಗಿ ಊಟ ಮಾಡಿದ.

ಬುಧವಾರ ಬೆಳಿಗ್ಗೆ ಅವನು ಮೇಷ್ಟ್ರನ್ನು ಹೊರಗೆ ಹಾಕಲು ಕುಳಿತ. ಮೊದಲು ನಲವತ್ತೊಂದು ದಿನದವರು, ಈಗ ನಲವತ್ತೆರಡು ದಿನದವರು. ಮೇಡಂ ಹೇಳಿದ ಸಾಲನ್ನು ಒಂದೊಂದೇ ಅಕ್ಷರ ಹುಡುಕಿ ಬರೆದು, ಕೀ ಮೇಲೆ ಬೆರಳಿಟ್ಟಿದ್ದಾನೆ, ಬಾಗಿಲು ತಳ್ಳಿಕೊಂಡು ಒಬ್ಬಳು ಒಳಗೆ ಬಂದಳು. ಎರಡನೇ ಮಹಡಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದವಳು. ತೂಗುಸೇತುವೆಯ ಮೇಲೆ ಸಂಶೋಧನೆ ಎಂದು ಎಲ್ಲರೂ ಅವಳನ್ನು ಸೇತುವೆ ಹುಡುಗಿ ಎನ್ನುತ್ತಿದ್ದರು. ಮೇಷ್ಟ್ರನ್ನು ಹೊರಗೆ ಹಾಕುತ್ತಾರಂತೆ ಎಂಬ ಸುದ್ದಿ ಕೇಳಿ ಮೆಟ್ಟಿಲು ಇಳಿದ ರಭಸಕ್ಕೆ ಅವಳಿಗೆ ಏದುಸಿರು.

"ಅಂಕಲ್, ಒತ್ತಬೇಡಿ. ಅದು ಮೇಷ್ಟ್ರಲ್ಲ, ನಾನು."

ಚಿಲಕಪ್ಪ ಅವಳನ್ನು ನೋಡಿದ. ಸ್ಕ್ರೀನನ್ನು ನೋಡಿದ. "ಇಲ್ಲಿ ಮೇಷ್ಟ್ರು ಅಂತ ಇದೆಯಲ್ಲಮ್ಮಾ."

ಅವಳು ಕುರ್ಚಿ ಎಳೆದುಕೊಂಡು ಎಲ್ಲವನ್ನೂ ಹೇಳಿದಳು. ಹೊಸಬರಿಗೆ ಸರ್ವರ್‌ನಲ್ಲಿ ಒಂದು ಖಾತೆ ಬೇಕೆಂದರೆ ಅರ್ಜಿಗೆ ಆರು ಜನರ ಸಹಿ ಬೇಕು. ಆರನೆಯ ಸಹಿ ಹಾಕಬೇಕಾದ ಅಧಿಕಾರಿಯ ಹುದ್ದೆ ನಾಲ್ಕು ವರ್ಷದಿಂದ ಖಾಲಿ. ಹಾಗಾಗಿ ನಾಲ್ಕು ವರ್ಷದಲ್ಲಿ ಬಂದ ಹನ್ನೊಂದು ಜನರಿಗೆ ಖಾತೆಯೇ ಇಲ್ಲ. ಮೇಷ್ಟ್ರು ಒಳ್ಳೆಯ ಮನುಷ್ಯರು. ಹೋಗುವ ದಿನ ಡ್ರಾಯರಿನೊಳಗೆ ಅಂಟಿಸಿದ್ದ ಪಾಸ್‌ವರ್ಡ್ ಚೀಟಿಯನ್ನು ಓದಿಯೂ ನೋಡದೆ ಕಿತ್ತು, ಇಟ್ಟುಕೊಳ್ಳಿ ಮಕ್ಕಳೇ ಎಂದು ಕೊಟ್ಟರು. ಅಂದಿನಿಂದ ಹನ್ನೊಂದು ಜನವೂ ಮೇಷ್ಟ್ರೇ. ಸರ್ವರ್ ಮೇಡಂ ಬಂದು ಇನ್ನೂ ಐದು ತಿಂಗಳು. ಮೇಷ್ಟ್ರು ಎಂದರೆ ಮೂರನೇ ಮಹಡಿಯ ಯಾರೋ ಬಹಳ ಶ್ರದ್ಧಾವಂತರು ಎಂದುಕೊಂಡು, ಆ ಹೆಸರನ್ನು ತಾಳೆ ನೋಡಿಯೇ ಇರಲಿಲ್ಲ.

"ಆ ನಲವತ್ತೆರಡು ದಿನದ್ದು ನನ್ನ ಲೆಕ್ಕ ಅಂಕಲ್. ನಾಳೆ ಮಧ್ಯಾಹ್ನ ಮುಗಿಯುತ್ತೆ. ಶುಕ್ರವಾರ ಪ್ರಬಂಧ ಒಪ್ಪಿಸೋಕೆ ಕೊನೇ ದಿನ. ಈಗ ನಿಂತ್ರೆ ಮತ್ತೆ ಮೊದಲಿಂದ. ನನ್ನ ನಾಲ್ಕು ವರ್ಷ ಹೋದ ಹಾಗೇನೇ."

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಈ ಹುಡುಗಿ ಒಂದು ಕೈಯಲ್ಲಿ ಡಬ್ಬಿ ಹಿಡಿದು ಇನ್ನೊಂದು ಕೈಯಲ್ಲಿ ಕೀ ಒತ್ತುತ್ತ ಕೂತಿರುವುದನ್ನು ಚಿಲಕಪ್ಪ ಎಷ್ಟೋ ದಿನ ಕಂಡಿದ್ದ. ಬೆರಳು ತೆಗೆದ. ಸಾಲನ್ನು ಅಳಿಸಿದ. ಆದರೆ ಕಳಿಸಿದ ಅರ್ಜಿಯನ್ನು ಅಳಿಸುವ ಕೀ ಯಾವುದೆಂದು ಮೇಡಂ ಹೇಳಿಕೊಟ್ಟಿರಲಿಲ್ಲ. ಸಂಜೆ ಕೇಂದ್ರ ಕಚೇರಿಯಿಂದ ಫೋನ್ ಬಂತು. ನಾಳೆ ಹತ್ತು ಗಂಟೆಗೆ ತಪಾಸಣಾಧಿಕಾರಿಗಳು ಬರುತ್ತಾರೆ, ಸದರಿ ಹನ್ನೊಂದು ಕಡೆಯ ಹಿರಿಯರನ್ನು ಒಂದು ಕಡೆ ಹಾಜರುಪಡಿಸತಕ್ಕದ್ದು.

ಗುರುವಾರ ಮೇಷ್ಟ್ರು ಬಂದರು. ಬಿಸಿನೀರಿನ ಚೀಲ ಬಂತು. ಕರೆಯದಿದ್ದರೂ ಮೇಷ್ಟ್ರ ಹೆಂಡತಿ ಬಂದರು. "ಹನ್ನೊಂದು ಕಡೇನೂ ನನಗೆ ತೋರಿಸಿ," ಎಂದರು ನಿರ್ದೇಶಕರಿಗೆ. ನಿರ್ದೇಶಕರು ಅವರಿಗೆ ಕುರ್ಚಿ ತೋರಿಸಿದರು. ಹನ್ನೊಂದು ಜನರೂ ಸರ್ವರ್ ಕೋಣೆಯ ಗೋಡೆಗೆ ಒರಗಿ ಸಾಲಾಗಿ ನಿಂತರು.

ತಪಾಸಣಾಧಿಕಾರಿ, ನಗುವುದನ್ನು ಯಾವ ನಿಯಮದಲ್ಲೂ ಬರೆದಿಲ್ಲ ಎಂಬ ಮುಖದ ಮನುಷ್ಯ. ಪಟ್ಟಿ ನೋಡಿದರು, ಮೇಷ್ಟ್ರನ್ನು ನೋಡಿದರು. "ನಿವೃತ್ತರು ಒಳಗಿರೋ ಹಾಗಿಲ್ಲ. ಮೊದಲು ಎಲ್ಲಾ ಹನ್ನೊಂದನ್ನೂ ಹೊರಗೆ ಹಾಕಿ," ಎಂದರು.

ಸೇತುವೆ ಹುಡುಗಿ ಚಿಲಕಪ್ಪನ ಮುಖ ನೋಡಿದಳು. ಲೆಕ್ಕ ಮುಗಿಯಲು ಇನ್ನೂ ಎರಡು ಗಂಟೆ ನಲವತ್ತು ನಿಮಿಷ ಇತ್ತು.

"ಕ್ಷಮಿಸಿ ಸಾರ್," ಎಂದ ಚಿಲಕಪ್ಪ. ಮೇಲಧಿಕಾರಿಯ ಮಾತಿಗೆ ಅಡ್ಡ ಬಂದದ್ದು ಇಪ್ಪತ್ತೆಂಟು ವರ್ಷದಲ್ಲಿ ಅದೇ ಮೊದಲು. "ತಪಾಸಣೆ ನಡೀವಾಗ ಉಗ್ರಾಣದಲ್ಲಿ ಒಂದು ಕಡ್ಡಿನೂ ಅಲುಗಾಡಿಸೋ ಹಾಗಿಲ್ಲ. ಬಾಗಿಲಿಗೆ ಮೊಹರು ಹಾಕ್ತೀವಿ. ಹೊಸದಾಗಿ ಯಾರೂ ಒಳಗೆ ಹೋಗೋ ಹಾಗಿಲ್ಲ, ಒಳಗಿರೋದು ಇದ್ದಲ್ಲೇ ಇರಬೇಕು. ನಿಮ್ಮ ವರದಿ ಆದ ಮೇಲೇನೇ ಮುಂದಿನದು. ಈಗ ಹೊರಗೆ ಹಾಕಿಬಿಟ್ಟರೆ ತಪಾಸಣೆ ಮಾಡೋಕೆ ಏನು ಉಳಿಯುತ್ತೆ ಸಾರ್?"

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದವರು ಹಾಗೇ ನಿಂತರು. ಬಹಳ ವರ್ಷದ ಮೇಲೆ ತಮ್ಮ ಭಾಷೆ ಮಾತಾಡುವವನೊಬ್ಬ ಸಿಕ್ಕಿದ ಸಂತೋಷ ಅವರ ಮುಖದಲ್ಲಿ ಸ್ವಲ್ಪ ಇಣುಕಿತು. "ಸರಿಯಾಗಿ ಹೇಳಿದ್ರಿ," ಎಂದು ಕುಳಿತು ಬರೆಯಲು ಶುರುಮಾಡಿದರು. ಬರೆದರು, ಟೀ ಕುಡಿದರು, ಮತ್ತೆ ಬರೆದರು. ನಿರ್ದೇಶಕರಿಗೆ ಆರನೇ ಸಹಿಯ ಬಗ್ಗೆ ಹದಿನೆಂಟು ಪ್ರಶ್ನೆ ಕೇಳಿದರು. ನಿರ್ದೇಶಕರು ತಣ್ಣನೆಯ ಕೋಣೆಯಲ್ಲೂ ಹಣೆ ಒರೆಸಿಕೊಂಡರು.

ಹನ್ನೆರಡು ಮುಕ್ಕಾಲಿಗೆ ಸ್ಕ್ರೀನಿನ ಮೇಲೆ ಒಂದು ಸಾಲು ಬಂತು. ತೂಗುಸೇತುವೆಯ ಲೆಕ್ಕ ಮುಗಿಯಿತು. ಸೇತುವೆ ಹುಡುಗಿ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಅದರ ಕೆಳಗೆ ಇನ್ನೊಂದು ಸಾಲು ಬಂತು: ಲೆಕ್ಕ ಮಾಡಿದವರು, ಹಿರಿಯ ಮೇಷ್ಟ್ರು.

ಅಧಿಕಾರಿ ಎದ್ದು ಮೇಷ್ಟ್ರ ಕೈ ಕುಲುಕಿದರು. "ತಪ್ಪು ತಪ್ಪೇ. ಆದ್ರೂ ಈ ವಯಸ್ಸಿನಲ್ಲಿ ಇಷ್ಟು ದೊಡ್ಡ ಕೆಲಸ. ಅಭಿನಂದನೆ."

"ಇದು ನನ್ನದಲ್ಲ ಸ್ವಾಮಿ. ಈ ಹುಡುಗಿದು."

"ಖಾತೆ ನಿಮ್ಮದು, ಪಾಸ್‌ವರ್ಡ್ ನಿಮ್ಮದು, ದಾಖಲೆ ನಿಮ್ಮ ಹೆಸರಲ್ಲಿದೆ. ಇನ್ನೊಬ್ಬರು ತಮ್ಮದು ಅಂತ ಒಪ್ಪಿಸಿದ್ರೆ ಅದು ಕಳವು. ನಾನು ಹಾಗೇ ಬರೀಬೇಕಾಗುತ್ತೆ."

"ಸಾರ್, ನಾಳೆ ಕೊನೇ ದಿನ," ಎಂದಳು ಹುಡುಗಿ. ಮೊನ್ನೆ ಆ ಅರ್ಜಿ ಕಳಿಸುವ ಮೊದಲು ತನ್ನ ಕೈಗೆ ಏನಾದರೂ ಆಗಬಾರದಿತ್ತೇ ಎಂದು ಚಿಲಕಪ್ಪನಿಗೆ ಅನಿಸಿತು. ಏನಾದರೂ ಮಾಡಬೇಕು. ಅವನಿಗೆ ಗೊತ್ತಿದ್ದದ್ದು ಉಗ್ರಾಣ ಒಂದೇ.

"ಸಾರ್, ಬೀಗ ಯಾರದು ಅಂತ ತಕರಾರು ಬಂದ್ರೆ ನಾವು ಕೀಲಿ ಹಾಕಿಸಿ ನೋಡ್ತೀವಿ. ತೆಗೆದೋರದು ಬೀಗ. ಮೇಷ್ಟ್ರು ಇಷ್ಟು ದಿನ ಒಳಗೆ ಬಂದಿದ್ದೇ ನಿಜ ಆದ್ರೆ ಪಾಸ್‌ವರ್ಡ್ ಹಾಕಿ ತೋರಿಸಲಿ. ಬಾರದೇ ಹೋದ್ರೆ ಆ ಹುಡುಗಿ ತೋರಿಸಲಿ."

ಅಧಿಕಾರಿ ಒಪ್ಪಿದರು. ಮೇಷ್ಟ್ರು ಪಾಸ್‌ವರ್ಡ್ ಮರೆತಿರುತ್ತಾರೆ ಎಂಬುದು ಚಿಲಕಪ್ಪನ ಭರವಸೆ. ಆದರೆ ಮೇಷ್ಟ್ರು ಎಂದೂ ಇಲ್ಲದ ಹುರುಪಿನಿಂದ ಕುರ್ಚಿಯಲ್ಲಿ ಕುಳಿತರು.

"ಪಾಸ್‌ವರ್ಡ್ ತಾನೇ. ನಮ್ಮ ಮದುವೆ ತಾರೀಖನ್ನೇ ಇಟ್ಟಿದ್ದೆ. ಅದನ್ನ ಮರೀತೀನಾ," ಎಂದು ಹೆಂಡತಿಯ ಕಡೆ ನೋಡಿದರು.

ಮೇಷ್ಟ್ರ ಹೆಂಡತಿ ಎದ್ದು ಬಂದು ಕುರ್ಚಿಯ ಹಿಂದೆ ನಿಂತರು. ನಿವೃತ್ತಿಯಾದ ವರ್ಷ ಆ ದಿನವನ್ನು ಪೂರ್ತಿಯಾಗಿ ಮರೆತು, ಮೂರು ದಿನ ಮೌನದ ಊಟ ಉಂಡು, ಆಮೇಲೆ ಮೇಷ್ಟ್ರು ಅದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದ್ದರು. ಹಿಂದೆ ಹೆಂಡತಿ ನಿಂತಿರುವಾಗ ಹುಡುಗಿಯ ಗತಿ ಏನಾಗುತ್ತದೆಂಬ ಯೋಚನೆ ಅವರಿಗೆ ಹೊಳೆಯಲೇ ಇಲ್ಲ. ಎರಡು ಬೆರಳಲ್ಲಿ ಎಂಟು ಅಂಕಿ ಒತ್ತಿದರು. ದಿನ, ತಿಂಗಳು, ವರ್ಷ.

"ಸರಿಯಾಗಿ ಹಾಕಿದ್ರಿ," ಎಂದರು ಹೆಂಡತಿ. ಅವರ ಕಣ್ಣು ತುಂಬಿ ಬಂದಿತ್ತು. ಬಲ್ಬು, ಅಟ್ಟದ ಡಬ್ಬ, ಬೆಂಚಿನ ವಾಕಿಂಗ್ ಎಲ್ಲವನ್ನೂ ಕ್ಷಮಿಸಿದ ಕಣ್ಣು ಅದು.

ಪಾಸ್‌ವರ್ಡ್ ತಪ್ಪು ಎಂದಿತು ಸರ್ವರ್.

ಮೇಷ್ಟ್ರು ಇನ್ನೊಂದು ಸಲ, ಮೆಲ್ಲಗೆ, ಒಂದೊಂದೇ ಅಂಕಿ ಒತ್ತಿದರು. ಮತ್ತೆ ತಪ್ಪು.

"ಮೆಷೀನು ಕೆಟ್ಟಿದೆ," ಎಂದರು ಹೆಂಡತಿ. "ಆ ಮದುವೇಲಿ ನಾನೂ ಇದ್ದೆ. ತಾರೀಖು ಸರಿಯಾಗೇ ಇದೆ."

ಅಧಿಕಾರಿ ಹುಡುಗಿಯನ್ನು ಕರೆದರು. ಪಾಸ್‌ವರ್ಡ್ ಹಾಕುವಾಗ ಯಾರೂ ನೋಡಬಾರದು ಎಂದು ಚಿಲಕಪ್ಪ ಎಲ್ಲರನ್ನೂ ಗೋಡೆಯ ಕಡೆ ತಿರುಗಿಸಿದ. ನಿರ್ದೇಶಕರು, ಅಧಿಕಾರಿ, ಮೇಷ್ಟ್ರು, ಮೇಷ್ಟ್ರ ಹೆಂಡತಿ ಎಲ್ಲರೂ ಶಾಲೆಯಲ್ಲಿ ಶಿಕ್ಷೆಗೆ ನಿಂತ ಮಕ್ಕಳಂತೆ ಗೋಡೆ ನೋಡುತ್ತ ನಿಂತರು. ಕೊನೆಗೆ ಚಿಲಕಪ್ಪ ತಾನೂ ತಿರುಗಿದ. ಹಿಂದೆ ಎಂಟು ಸಲ ಟಕ್ ಟಕ್ ಎಂದಿತು.

"ತೆರೀತು," ಎಂದಳು ಹುಡುಗಿ.

ಅಧಿಕಾರಿ ದಾಖಲೆಯನ್ನು ಇನ್ನೊಮ್ಮೆ ತಿರುವಿ ನೋಡಿದರು. "ಹದಿನಾಲ್ಕು ವರ್ಷದ ಹಿಂದೆ ಮೇಷ್ಟ್ರು ಇಟ್ಟ ಪಾಸ್‌ವರ್ಡೇ ಈಗಲೂ ಇರೋದು, ಯಾರೂ ಬದಲಾಯಿಸಿಲ್ಲ. ಅದು ಅವರಿಗೇ ಗೊತ್ತಿಲ್ಲ ಅಂದ ಮೇಲೆ ಅವರು ಒಳಗೆ ಬಂದಿರೋಕೆ ಸಾಧ್ಯವೇ ಇಲ್ಲ. ಲೆಕ್ಕ ಈ ಹುಡುಗಿದು ಅಂತ ಬರೀತೀನಿ. ಎಲ್ಲರಿಗೂ ಇವತ್ತೇ ಬೇರೆ ಬೇರೆ ಖಾತೆ ಕೊಡಿ, ಎರಡು ಸಹಿ ಸಾಕು. ಮೇಷ್ಟ್ರದ್ದನ್ನ ಮುಚ್ಚಿ."

ಸೇತುವೆ ಹುಡುಗಿ ಅಳುತ್ತ ನಗುತ್ತ ಚಿಲಕಪ್ಪನ ಎರಡೂ ಕೈ ಹಿಡಿದುಕೊಂಡಳು. ಅವನಿಗೂ ಕಣ್ಣು ಮಂಜಾಯಿತು. "ತಣ್ಣನೆಯ ಕೋಣೆ ನೋಡಿ, ಶೀತ," ಎಂದ. ಎಲ್ಲರೂ ಮಾತಾಡುತ್ತಿದ್ದರು. ಮೇಷ್ಟ್ರ ಹೆಂಡತಿ ಮಾತ್ರ ಒಂದೊಂದೇ ಬೆರಳು ಮಡಿಚುತ್ತಿದ್ದರು. ಅವರು ಲೆಕ್ಕ ಹಾಕುತ್ತಿದ್ದರು.

"ಅಂದ್ರೆ, ಹದಿನಾಲ್ಕು ವರ್ಷದ ಹಿಂದೆ ಇಟ್ಟಿದ್ದು ಇವರೇ," ಎಂದರು ನಿಧಾನವಾಗಿ. "ಮದುವೆ ದಿನ ಅಂತಾನೇ ಇಟ್ಟಿದ್ದು. ಹಾಗಾದ್ರೆ ಆಗ ಯಾವ ದಿನ ಅಂದ್ಕೊಂಡಿದ್ರು?"

ಮೇಷ್ಟ್ರ ಕೈಯಿಂದ ಬಿಸಿನೀರಿನ ಚೀಲ ಜಾರಿ ಬಿತ್ತು.

ಅವರ ಹೆಂಡತಿ ಹುಡುಗಿಯ ಕಡೆ ತಿರುಗಿದರು. ದನಿಯಲ್ಲಿ ಜೇನು. "ಮಗಳೇ, ನೀನು ದಿನಾ ಹಾಕ್ತಿದ್ದೆಯಲ್ಲ, ಆ ತಾರೀಖು ಯಾವುದಮ್ಮಾ?"

ಹುಡುಗಿ ಬಾಯಿ ತೆರೆದಳು. ಅವಳ ಹಿಂದೆ ಉಳಿದ ಹತ್ತು ಬಾಯಿಗಳೂ ತೆರೆದವು. ಚಿಲಕಪ್ಪ ಮಧ್ಯೆ ಬಂದು ನಿಂತ.

"ಹೇಳೋ ಹಾಗಿಲ್ಲ ಅಮ್ಮಾ."

"ನಾನು ಅವರ ಹೆಂಡತಿ ಕಣಪ್ಪ."

"ನೀವು ಸಿಬ್ಬಂದಿ ಪಟ್ಟಿಯಲ್ಲಿಲ್ಲ."

"ಖಾತೆ ಹೇಗೂ ಮುಚ್ತೀರಲ್ಲ. ಇನ್ನೇನು ಗುಟ್ಟು?"

ಚಿಲಕಪ್ಪ ಅಧಿಕಾರಿಯ ಕಡೆ ನೋಡಿದ. ಅಧಿಕಾರಿ ಮೇಷ್ಟ್ರ ಕಡೆ ನೋಡಿದರು. ಅವರಿಗೂ ಮನೆಯಲ್ಲಿ ಹೆಂಡತಿ ಇದ್ದಿರಬೇಕು. "ಪಾಸ್‌ವರ್ಡ್ ಯಾವ ಕಾಲಕ್ಕೂ ಬಹಿರಂಗಪಡಿಸತಕ್ಕದ್ದಲ್ಲ," ಎಂದು ಗಂಭೀರವಾಗಿ ಹೇಳಿ ಚೀಲಕ್ಕೆ ಕಾಗದ ತುಂಬಿಕೊಂಡರು. ಚಿಲಕಪ್ಪ ಆ ಹನ್ನೊಂದು ಜನರಿಂದಲೂ ಯಾರಿಗೂ ಹೇಳುವುದಿಲ್ಲ ಎಂದು ಬರೆಸಿ ಸಹಿ ಹಾಕಿಸಿಕೊಂಡ.

ಶುಕ್ರವಾರ ಪ್ರಬಂಧ ಒಪ್ಪಿಸಿಯಾಯಿತು. ಮರುವಾರ ಪಟ್ಟಿಯಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಹೆಸರಿನಲ್ಲಿ ಒಳಗಿದ್ದರು. ಮೇಷ್ಟ್ರ ಹೆಂಡತಿ ಮಾತ್ರ ಬಿಡಲಿಲ್ಲ. ಬೆಳಿಗ್ಗೆ ಗೇಟಿನಲ್ಲಿ ಹಿಡಿದು ಕೇಳಿದರು, ಸಂಜೆ ಬಿಸಿ ಬಿಸಿ ಟೀ ಕೊಟ್ಟು ಕೇಳಿದರು, ಅವನ ಹೆಂಡತಿಯ ಮೂಲಕ ಕೇಳಿಸಿದರು. ಹೆಂಡತಿ ಕೇಳಿದಾಗಲೂ ಚಿಲಕಪ್ಪ ಬಾಯಿ ಬಿಡಲಿಲ್ಲ. ಗಂಡನ ಹೊಟ್ಟೆಯಲ್ಲಿ ಒಂದು ಮಾತು ಇಷ್ಟು ದಿನ ನಿಂತದ್ದನ್ನು ಕಂಡು ಅವಳು ಮೊದಲ ಸಲ ಅವನನ್ನು ಸ್ವಲ್ಪ ಮರ್ಯಾದೆಯಿಂದ ನೋಡಿದಳು.

ಒಂದು ಬೆಳಿಗ್ಗೆ ಪಾರ್ಕಿನಲ್ಲಿ ಮೇಷ್ಟ್ರೇ ಸಿಕ್ಕಿದರು. ಈಗ ಅವರು ನಿಜವಾಗಿಯೂ ನಡೆಯುತ್ತಿದ್ದರು. ಸುತ್ತಮುತ್ತ ನೋಡಿ, ಹತ್ತಿರ ಬಂದು, ದನಿ ತಗ್ಗಿಸಿದರು.

"ನೋಡಪ್ಪಾ, ಅದು ಯಾವ ತಾರೀಖು ಅಂತ ನನಗಾದ್ರೂ ಹೇಳು. ಆಗ ಏನು ಅಂದ್ಕೊಂಡು ಇಟ್ಟಿದ್ದೆ ಅಂತ ಎಷ್ಟು ತಲೆ ಕೆರ್ಕೊಂಡ್ರೂ ನೆನಪಾಗ್ತಿಲ್ಲ."

"ನಿಮ್ಮ ಖಾತೆ ಮುಚ್ಚಿದೆ ಸಾರ್," ಎಂದ ಚಿಲಕಪ್ಪ. "ಹೊರಗಿನೋರಿಗೆ ಹೇಳೋ ಹಾಗಿಲ್ಲ."

ಹುಡುಗಿ ಆ ಎಂಟು ಅಂಕಿ ಒತ್ತುವಾಗ ತಾನೂ ಗೋಡೆ ನೋಡುತ್ತ ನಿಂತಿದ್ದರಿಂದ ಅದು ಯಾವ ತಾರೀಖೆಂದು ಅವನಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದನ್ನು ಮಾತ್ರ ಅವನು ಯಾರಿಗೂ ಬಿಟ್ಟುಕೊಡಲಿಲ್ಲ.